ಬಣ್ಣದ ಪದ ಹುಡುಕಿದರೆ ಸಿಗದ ಒಲವು: ರಕ್ತದಾನ ನಿಷೇಧದ ಸುದ್ದಿಗಳನ್ನು ಓದಿದ ಒಂದು ಗುಂಪಿನ ಪ್ರಕರಣ

ಸುದ್ದಿ ಓದುಗರನ್ನು ಹೇಗೆ ಒಂದು ಕಡೆಗೆ ಒಲಿಸುತ್ತದೆ ಅಂತ ಕಲಿಸುವಾಗ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು. ಬಣ್ಣ ಹಚ್ಚಿದ ಪದಗಳನ್ನು ಹುಡುಕಿ, ಕೆಳಗೆ ಗೆರೆ ಎಳೆಯಿರಿ. ಈ ಪ್ರಕರಣದಲ್ಲಿ ಆ ಉಪಾಯ ಹೆಚ್ಚು ದೂರ ಬರಲಿಲ್ಲ. ಎಲ್ಲಿ ನಿಂತಿತು, ಆಮೇಲೆ ಏನು ಮಾಡಿದರು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಇದು ಒಂದು ಸಣ್ಣ ಓದುಗರ ಗುಂಪು. ಪತ್ರಿಕೋದ್ಯಮ ಓದುತ್ತಿದ್ದ ಕೆಲವು ಹುಡುಗ ಹುಡುಗಿಯರು, ರಕ್ತನಿಧಿಯಲ್ಲಿ ಕೆಲಸ ಮಾಡಿ ಅನುಭವ ಇರುವ ಒಬ್ಬ ಲ್ಯಾಬ್ ಟೆಕ್ನಿಷಿಯನ್, ಲೈಂಗಿಕ ಅಲ್ಪಸಂಖ್ಯಾತರ ಆರೋಗ್ಯದ ವಿಚಾರದಲ್ಲಿ ಓಡಾಡುವ ಒಬ್ಬ ಟ್ರಾನ್ಸ್ ಮಹಿಳೆ, ರಿಟೈರ್ ಆದ ಒಬ್ಬ ಮೇಷ್ಟ್ರು. ಚರ್ಚೆ ನಡೆಸಿಕೊಡುವುದು ನನ್ನ ಕೆಲಸ. ಹೆಸರು, ಊರು, ಪತ್ರಿಕೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನೂ ತಲೆಬರಹಗಳನ್ನೂ ಬದಲಿಸಿದ್ದೇನೆ.

ಶುರುವಾಗಿದ್ದು ಒಂದು ಚಿಕ್ಕ ಸುದ್ದಿಯಿಂದ. ಕಾಲೇಜೊಂದರ ರಕ್ತದಾನ ಕ್ಯಾಂಪಿನಲ್ಲಿ ಒಬ್ಬ ಟ್ರಾನ್ಸ್ ಮಹಿಳೆಯನ್ನು ಫಾರಂ ತುಂಬಿಸಿಕೊಂಡ ಮೇಲೆ ವಾಪಸ್ ಕಳಿಸಿದ್ದರು. ಸ್ಥಳೀಯ ಪುಟದಲ್ಲಿ ಆ ಸುದ್ದಿಗೆ ಸಿಕ್ಕಿದ್ದು ಐದಾರು ಸಾಲು. ಅದರಲ್ಲಿ ‘ನಿಯಮದ ಪ್ರಕಾರ ನಿರಾಕರಿಸಲಾಯಿತು’ ಅಂತಿತ್ತು. ಯಾವ ನಿಯಮ, ಯಾರು ಮಾಡಿದ್ದು, ಯಾಕೆ ಅನ್ನುವುದು ಇರಲಿಲ್ಲ. ಗುಂಪಿನ ಹುಡುಗಿಯೊಬ್ಬಳು ಅದನ್ನೇ ಹಿಡಿದು ಕೇಳಿದಳು, ಈ ನಿಯಮದ ಬಗ್ಗೆ ದೊಡ್ಡ ಪತ್ರಿಕೆಗಳು ಏನು ಬರೆದಿವೆ ನೋಡೋಣ್ವಾ ಅಂತ.

ನಿಯಮ ಇದು. ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿ ಮತ್ತು ನ್ಯಾಕೋ (ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ) 2017ರಲ್ಲಿ ರಕ್ತದಾನಿಗಳ ಆಯ್ಕೆಗೆ ಮಾರ್ಗಸೂಚಿ ಹೊರಡಿಸಿದವು. ಅದರ 12 ಮತ್ತು 51ನೇ ಅಂಶಗಳ ಪ್ರಕಾರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು, ಪುರುಷರ ಜೊತೆ ಲೈಂಗಿಕ ಸಂಪರ್ಕ ಇರುವ ಪುರುಷರು, ಲೈಂಗಿಕ ವೃತ್ತಿಯ ಮಹಿಳೆಯರು ರಕ್ತ ಕೊಡುವ ಹಾಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕಿನ ಅಪಾಯ ಜಾಸ್ತಿ ಅನ್ನುವುದು ಕಾರಣ. ಒಂದೆರಡು ತಿಂಗಳ ಮಟ್ಟಿಗೆ ಅಲ್ಲ, ಶಾಶ್ವತವಾಗಿ. ಮಣಿಪುರದ ಟ್ರಾನ್ಸ್ ಹೋರಾಟಗಾರ್ತಿ ಸಾಂತಾ ಖುರೈ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದರು. 2021ರ ಮಾರ್ಚ್‌ನಲ್ಲಿ ಕೋರ್ಟ್ ನೋಟಿಸ್ ಕೊಟ್ಟಿತು, ತಡೆಯಾಜ್ಞೆ ಕೊಡಲಿಲ್ಲ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಫಿಡವಿಟ್ ಹಾಕಿತು. ಸುರಕ್ಷಿತ ರಕ್ತ ಪಡೆಯುವ ರೋಗಿಯ ಹಕ್ಕು, ರಕ್ತ ಕೊಡುವವರ ಹಕ್ಕಿಗಿಂತ ದೊಡ್ಡದು ಅನ್ನುವುದು ಅದರ ವಾದದ ಸಾರ. ಗುಂಪು ಮುಖ್ಯವಾಗಿ ಕೈಗೆತ್ತಿಕೊಂಡಿದ್ದು ಈ ಅಫಿಡವಿಟ್ ಸುತ್ತ ಬಂದ ಸುದ್ದಿಗಳನ್ನು.

ಗೆರೆ ಎಳೆದರೂ ಏನೂ ಸಿಗಲಿಲ್ಲ

ಮೊದಲ ಸುತ್ತಿನಲ್ಲಿ ಎಲ್ಲರ ಕೈಗೂ ಪೆನ್ಸಿಲ್. ಅವಮಾನ ಮಾಡುವ ಪದ, ಹೆದರಿಸುವ ಪದ, ಕನಿಕರ ಉಕ್ಕಿಸುವ ಪದಗಳಿಗೆ ಗೆರೆ. ಒಂದು ಟಿವಿ ಚಾನೆಲ್‌ನ ಸ್ಕ್ರೋಲ್ ಮತ್ತು ಚರ್ಚೆಯ ಪಠ್ಯ ಗೆರೆಗಳಿಂದಲೇ ತುಂಬಿಹೋಯಿತು, ಅದರ ಬಗ್ಗೆ ಹೇಳುವುದೇನಿಲ್ಲ, ಅಂಥದ್ದನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ಆದರೆ ಒಂದು ಪತ್ರಿಕೆಯ ವರದಿ ಪೂರ್ತಿ ಬಿಳಿಯಾಗಿಯೇ ಉಳಿಯಿತು. ಒಂದೇ ಒಂದು ಕೆಟ್ಟ ಪದ ಇಲ್ಲ. ಗೌರವದ ಭಾಷೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಅಂತಲೇ ಬರೆದಿದ್ದಾರೆ. ಹುಡುಗರು ‘ಇದು ತಟಸ್ಥ ವರದಿ’ ಅಂತ ಷರಾ ಬರೆದು ಮುಂದಕ್ಕೆ ಹೋಗುವುದರಲ್ಲಿದ್ದರು.

ಆಗ ಟೆಕ್ನಿಷಿಯನ್ ಒಂದು ಮಾತು ಕೇಳಿದರು. ಓದಿ ಮುಗಿಸಿದಾಗ ಯಾರು ಸರಿ ಅನ್ನಿಸಿತು, ಒಂದೇ ಸಾಲಲ್ಲಿ ಬರೆದುಕೊಳ್ಳಿ, ಯಾರೂ ಪಕ್ಕದವರದ್ದು ನೋಡಬೇಡಿ. ಚೀಟಿಗಳನ್ನು ಬಿಚ್ಚಿದಾಗ ಹೆಚ್ಚುಕಡಿಮೆ ಎಲ್ಲರೂ ಸರ್ಕಾರದ ಮಾತಲ್ಲಿ ಅರ್ಥ ಇದೆ ಅಂತ ಬರೆದಿದ್ದರು. ಟ್ರಾನ್ಸ್ ಮಹಿಳೆಯ ಚೀಟಿಯಲ್ಲಿ ಇದ್ದದ್ದು ಹೀಗೆ: ‘ಸರ್ಕಾರ ಹೇಳೋದು ಸರಿ ಇರಬಹುದು ಅನ್ನಿಸಿತು. ಅದಕ್ಕೇ ಸಿಟ್ಟು ಬಂತು.’

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಬಣ್ಣದ ಪದ ಒಂದೂ ಇಲ್ಲದ ವರದಿ, ಅದೇ ವಿಚಾರಕ್ಕಾಗಿ ವರ್ಷಗಟ್ಟಲೆ ಓಡಾಡಿದವರನ್ನೂ ಒಂದು ನಿಮಿಷ ಒಲಿಸಿಬಿಟ್ಟಿತ್ತು. ಆ ವರದಿ ಸುಳ್ಳನ್ನೂ ಹೇಳಿರಲಿಲ್ಲ. ಹಾಗಾದರೆ ಒಲವು ಎಲ್ಲಿಂದ ಬಂತು?

ಪಟ್ಟಿಗಳಾಗಿ ಕತ್ತರಿಸಿದ್ದು

ಮೇಷ್ಟ್ರು ಕತ್ತರಿ ತಂದರು. ವರದಿಯ ಪ್ರತಿ ಪ್ಯಾರಾವನ್ನೂ ಕತ್ತರಿಸಿ ಮೇಜಿನ ಮೇಲೆ ಹರಡಿದೆವು. ಹಾಗೆ ನೋಡಿದಾಗ ಅದರ ಎಲುಬು ಕಂಡಿತು. ತಲೆಬರಹದಲ್ಲಿ ಸುರಕ್ಷಿತ ರಕ್ತ, ಅದರ ಮುಂದೆ ‘ಕೇಂದ್ರ’. ಮೊದಲ ಪ್ಯಾರಾದಲ್ಲಿ ಸರ್ಕಾರ ಕೋರ್ಟಿಗೆ ಏನು ಹೇಳಿತು. ಎರಡನೆಯದರಲ್ಲಿ ತಜ್ಞರ ಅಭಿಪ್ರಾಯ, ವೈಜ್ಞಾನಿಕ ಆಧಾರ. ಮೂರನೆಯದರಲ್ಲಿ ಅಂಕಿಅಂಶ. ನಾಲ್ಕನೆಯದರಲ್ಲಿ ರೋಗಿಗಳ ಹಿತ. ಅರ್ಜಿದಾರರು ಬಂದಿದ್ದು ಕಟ್ಟಕಡೆಯ ಪ್ಯಾರಾದಲ್ಲಿ, ಎರಡು ವಾಕ್ಯ. ಸರ್ಕಾರ ‘ತಿಳಿಸಿದೆ’, ಅರ್ಜಿದಾರರು ‘ಆರೋಪಿಸಿದ್ದಾರೆ’. ಸರ್ಕಾರದ ಬಾಯಲ್ಲಿ ವಿಜ್ಞಾನ, ಅರ್ಜಿದಾರರ ಬಾಯಲ್ಲಿ ಸಂವಿಧಾನದ ವಿಧಿಗಳ ನಂಬರ್ ಮಾತ್ರ. ಅರ್ಜಿಯಲ್ಲೂ ವೈದ್ಯಕೀಯ ವಾದ ಇತ್ತು, ರಕ್ತವನ್ನು ಹೇಗೂ ಪರೀಕ್ಷೆ ಮಾಡುತ್ತಾರೆ ಅನ್ನುವ ಮಾತಿತ್ತು. ವರದಿಯಲ್ಲಿ ಅದು ಬಂದೇ ಇಲ್ಲ.

ಇನ್ನು ಫೋಟೋ. ಸಿಗ್ನಲ್‌ನಲ್ಲಿ ಕಾರಿನ ಕಿಟಕಿ ಪಕ್ಕ ಕೈ ಚಾಚಿ ನಿಂತ ಇಬ್ಬರು ಟ್ರಾನ್ಸ್ ಮಹಿಳೆಯರು, ಕೆಳಗೆ ‘ಸಂಗ್ರಹ ಚಿತ್ರ’. ರಕ್ತದಾನದ ಸುದ್ದಿಗೂ ಸಿಗ್ನಲ್‌ಗೂ ಏನು ಸಂಬಂಧ? ಯಾರೂ ಬೇಕಂತ ಹಾಕಿದ್ದಲ್ಲ, ಆಮೇಲೆ ಗೊತ್ತಾಯಿತು. ಆದರೆ ಓದುಗರ ಕಣ್ಣು ಮೊದಲು ಬೀಳುವುದು ಅಲ್ಲಿಗೇ, ಅಲ್ವಾ?

ಆಮೇಲೆ ಒಂದು ಪ್ರಯೋಗ. ಅದೇ ವಾಕ್ಯಗಳು, ಒಂದಕ್ಷರವೂ ಬದಲಿಲ್ಲ, ಕ್ರಮ ಮಾತ್ರ ತಿರುಗುಮುರುಗು. ಕೊನೆಯ ಪ್ಯಾರಾ ಮೊದಲಿಗೆ ಬಂತು, ಫೋಟೋ ತೆಗೆದಾಯಿತು. ಗುಂಪಿನ ಹೊರಗಿನ ಕೆಲವರಿಗೆ ಓದಲು ಕೊಟ್ಟು ಅದೇ ಒಂದು ಸಾಲು ಬರೆಸಿದರು. ಈ ಸಲ ‘ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು’ ಅನ್ನುವ ಥರದ ಉತ್ತರಗಳು ಜಾಸ್ತಿ ಬಂದವು. ಇದನ್ನು ಸಂಶೋಧನೆ ಅಂತ ಯಾರೂ ಹೇಳಿಕೊಳ್ಳಬಾರದು. ಓದಿದವರು ಬೆರಳೆಣಿಕೆಯ ಜನ, ಅದರಲ್ಲೂ ಪರಿಚಯದವರು. ಆದರೆ ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ದಾರಿ ಸಿಕ್ಕಿತು.

‘6ರಿಂದ 13 ಪಟ್ಟು’

ಮೂರನೇ ಪ್ಯಾರಾದ ಅಂಕಿಯ ಬಗ್ಗೆ ಅತಿ ಹೆಚ್ಚು ಹೊತ್ತು ಜಗಳ ಆಯಿತು. ಈ ಸಮುದಾಯಗಳಲ್ಲಿ ಎಚ್‌ಐವಿ ಪ್ರಮಾಣ ಸಾಮಾನ್ಯ ವಯಸ್ಕರಿಗಿಂತ 6ರಿಂದ 13 ಪಟ್ಟು ಹೆಚ್ಚು ಅನ್ನುವುದು ಅಫಿಡವಿಟ್‌ನಲ್ಲಿದ್ದ ಮಾತು. ಅಂಕಿ ತಪ್ಪಲ್ಲ. 2017ರ ಹೊತ್ತಿಗೆ ದೇಶದ ವಯಸ್ಕರಲ್ಲಿ ಎಚ್‌ಐವಿ ಶೇ. 0.2ಕ್ಕಿಂತ ಸ್ವಲ್ಪ ಜಾಸ್ತಿ, 2017ರ ನ್ಯಾಕೋ ಸಮೀಕ್ಷೆಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಶೇ. 3ರ ಆಸುಪಾಸು. ಭಾಗಿಸಿ ನೋಡಿದರೆ 13ರ ಆಸುಪಾಸೇ ಬರುತ್ತದೆ. ಒಬ್ಬ ಹುಡುಗ ಅದನ್ನೇ ತಿರುಗಿಸಿ ಬರೆದ: ನೂರರಲ್ಲಿ ತೊಂಬತ್ತಾರು, ತೊಂಬತ್ತೇಳು ಜನಕ್ಕೆ ಎಚ್‌ಐವಿ ಇಲ್ಲ. ಎರಡೂ ಒಂದೇ ಅಂಕಿ. ಒಂದನ್ನು ಓದಿದರೆ ಗಾಬರಿ, ಇನ್ನೊಂದನ್ನು ಓದಿದರೆ ನಿರಾಳ. ಹುಡುಗರಿಗೆ ಖುಷಿಯೋ ಖುಷಿ, ಮೋಸ ಸಿಕ್ಕಿಬಿಟ್ಟಿತು ಅಂತ.

ಟೆಕ್ನಿಷಿಯನ್ ಒಪ್ಪಲಿಲ್ಲ. ಅವರು ಹೇಳಿದ್ದು ಇಲ್ಲಿ ಸ್ವಲ್ಪ ವಿವರವಾಗಿಯೇ ಬರಬೇಕು. ಭಾರತದಲ್ಲಿ ದಾನವಾಗಿ ಬಂದ ಪ್ರತಿ ರಕ್ತದ ಚೀಲಕ್ಕೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಆದರೆ ಸೋಂಕು ತಗುಲಿದ ಮಾರನೇ ದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ವೈರಸ್ ಮೈಯಲ್ಲಿದ್ದೂ ರಿಪೋರ್ಟ್ ನೆಗೆಟಿವ್ ಬರುವ ಒಂದಷ್ಟು ದಿನ ಇರುತ್ತದೆ, ಅದಕ್ಕೆ ವಿಂಡೋ ಪಿರಿಯಡ್ ಅನ್ನುತ್ತಾರೆ. ಸಾಮಾನ್ಯವಾಗಿ ಮಾಡುವ ಎಲೈಸಾ ಪರೀಕ್ಷೆಯಲ್ಲಿ ಅದು ವಾರಗಳ ಲೆಕ್ಕ. ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಅದನ್ನು ತುಂಬಾ ಕಡಿಮೆ ಮಾಡುತ್ತದೆ, ಸೊನ್ನೆ ಮಾಡುವುದಿಲ್ಲ. ನ್ಯಾಟ್ ನಮ್ಮಲ್ಲಿ ಕಡ್ಡಾಯ ಅಲ್ಲ, ಎಲ್ಲ ರಕ್ತನಿಧಿಗಳಲ್ಲೂ ಇಲ್ಲ. ಥಲಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳು ಕೆಲವೇ ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು, ಜೀವನ ಪೂರ್ತಿ. ಅವರಿಗೆ ಪ್ರತಿ ಚೀಲವೂ ಒಂದು ಹೊಸ ಅಪಾಯ. ‘ನೂರಕ್ಕೆ ತೊಂಬತ್ತೇಳು ಸರಿ ಇದೆ’ ಅನ್ನುವ ಮಾತನ್ನು ಆ ಮಗುವಿನ ತಾಯಿ ಎದುರು ಹೇಳಿ ನೋಡಿ, ಅಂದರು.

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಕೇಳಿದ ಪ್ರಶ್ನೆ ಚರ್ಚೆಯನ್ನು ಮತ್ತೆ ಎಬ್ಬಿಸಿತು: ಈ ಅಂಕಿ ಯಾವ ಪ್ರಶ್ನೆಗೆ ಉತ್ತರ? ಅದು ಒಂದು ಸಮುದಾಯದಲ್ಲಿ ಸೋಂಕು ಎಷ್ಟಿದೆ ಅನ್ನುವುದಕ್ಕೆ ಉತ್ತರ. ಕ್ಯಾಂಪಿನಲ್ಲಿ ಎದುರು ಕೂತ ಈ ಒಬ್ಬ ವ್ಯಕ್ತಿಯ ರಕ್ತದಿಂದ ಅಪಾಯ ಇದೆಯಾ ಅನ್ನುವುದಕ್ಕೆ ಅಲ್ಲ. ಎರಡೂ ಬೇರೆ ಬೇರೆ ಪ್ರಶ್ನೆ. ವರದಿ ಮೊದಲನೆಯದಕ್ಕೆ ಉತ್ತರ ಕೊಟ್ಟು, ಎರಡನೆಯದಕ್ಕೂ ಉತ್ತರ ಸಿಕ್ಕಿತು ಅನ್ನಿಸುವ ಹಾಗೆ ಮಾಡಿತ್ತು. ಅಂಕಿಯನ್ನು ಉಲ್ಟಾ ಬರೆದ ಹುಡುಗನೂ ಮಾಡಿದ್ದು ಅದನ್ನೇ.

ನಮ್ಮ ಕಡೆಯ ಲೇಖನವನ್ನೂ ಮೇಜಿನ ಮೇಲೆ ಹಾಕಬೇಕಾ?

ಗುಂಪಿನ ಕಿರಿಯರಿಗೆಲ್ಲ ಇಷ್ಟವಾಗಿದ್ದ ಒಂದು ವೆಬ್ ಲೇಖನ ಇತ್ತು. ಕೋವಿಡ್ ಸಮಯದಲ್ಲಿ ಗೆಳತಿಗೆ ರಕ್ತ ಬೇಕಾದಾಗ ಕೊಡಲು ಹೋಗಿ ವಾಪಸ್ ಬಂದ ಟ್ರಾನ್ಸ್ ಮಹಿಳೆಯೊಬ್ಬರ ಕಥೆ. ಚೆನ್ನಾಗಿ ಬರೆದಿದ್ದಾರೆ, ಓದಿದರೆ ಗಂಟಲು ಕಟ್ಟುತ್ತದೆ. ಕುಟುಂಬದಿಂದ ಹೊರಬಿದ್ದವರಿಗೆ ಕಷ್ಟಕಾಲದಲ್ಲಿ ರಕ್ತ ಕೊಡಲು ಬರುವುದು ಅವರದೇ ಸಮುದಾಯದವರು, ಅವರನ್ನೇ ಬೇಡ ಅಂದರೆ ಯಾರ ಹತ್ತಿರ ಹೋಗಬೇಕು ಅನ್ನುವುದು ಅದರ ಪ್ರಶ್ನೆ. ಕೋರ್ಟಿಗೆ ಹೋದ ಅರ್ಜಿಯ ಹಿಂದೆಯೂ ಇದೇ ನೋವು ಇತ್ತು. ಆದರೆ ಲೇಖನದ ನಡುವೆ ಒಂದು ಸಾಲು: ಎಲ್ಲ ರಕ್ತವನ್ನೂ ಪರೀಕ್ಷೆ ಮಾಡಿಯೇ ಕೊಡುವುದರಿಂದ ಅಪಾಯದ ಪ್ರಶ್ನೆಯೇ ಇಲ್ಲ.

ಟೆಕ್ನಿಷಿಯನ್ ಆ ಸಾಲಿಗೆ ಕೆಂಪು ಗೆರೆ ಎಳೆದರು. ಹುಡುಗರಿಗೆ ಬೇಜಾರಾಯಿತು. ಒಬ್ಬ ನೇರವಾಗಿಯೇ ಹೇಳಿದ, ಬಲ ಇರುವವರ ಸುದ್ದಿಯನ್ನೂ ಬಲ ಇಲ್ಲದವರ ಸುದ್ದಿಯನ್ನೂ ಒಂದೇ ಅಳತೆಯಲ್ಲಿ ಅಳೆಯುವುದೇ ಅನ್ಯಾಯ. ಅದು ತೆಗೆದುಹಾಕುವಂಥ ಮಾತಲ್ಲ. ಸರ್ಕಾರದ ಅಫಿಡವಿಟ್‌ಗೆ ದೇಶದ ಎಲ್ಲ ಮುಖಪುಟ ಸಿಗುತ್ತದೆ, ಈ ಲೇಖನ ಓದುವವರು ಎಷ್ಟು ಜನ?

ತೀರ್ಮಾನ ಮಾಡಿದ್ದು ಟ್ರಾನ್ಸ್ ಮಹಿಳೆ. ಹಾಕಿ ಅಂದರು. ‘ನಾಳೆ ಯಾರೋ ಡಾಕ್ಟರ್ ಈ ಒಂದು ಸಾಲು ತೋರಿಸಿ, ಇವರಿಗೆ ಏನೂ ಗೊತ್ತಿಲ್ಲ ಅಂತಾರೆ. ಉಳಿದದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ.’ ಹಾಗೆ ಆ ಲೇಖನವೂ ಅದೇ ಮೇಜಿಗೆ ಬಂತು. ಬಲದ ವ್ಯತ್ಯಾಸದ ಮಾತನ್ನು ಬಿಡಲಿಲ್ಲ, ಟಿಪ್ಪಣಿಯಲ್ಲಿ ಬೇರೆಯಾಗಿ ಬರೆದುಕೊಂಡರು.

ಯಾರೂ ಕೇಳದ ಪ್ರಶ್ನೆ

ಎರಡೂ ಕಡೆಯ ಬರಹಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ವಿಚಿತ್ರ ಕಂಡಿತು. ಒಂದು ಕಡೆ ಸುರಕ್ಷತೆ ಮುಖ್ಯ ಅಂತಿದೆ, ಇನ್ನೊಂದು ಕಡೆ ಹಕ್ಕು ಮುಖ್ಯ ಅಂತಿದೆ. ಆದರೆ ಸುರಕ್ಷತೆ ಬೇಕಾದರೆ ಹಕ್ಕು ಬಿಡಬೇಕು, ಹಕ್ಕು ಬೇಕಾದರೆ ಅಪಾಯ ಒಪ್ಪಬೇಕು ಅನ್ನುವುದನ್ನು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದಾರೆ. ಓದುಗನ ಮುಂದೆ ಇರುವುದು ಎರಡೇ ಬಾಗಿಲು. ಹಾಗೆ ಇಟ್ಟ ಮೇಲೆ ಯಾರಾದರೂ ಸುರಕ್ಷತೆಯ ಬಾಗಿಲನ್ನೇ ತೆಗೆಯುತ್ತಾರೆ, ತನ್ನ ಮನೆಯವರಿಗೂ ರಕ್ತ ಬೇಕಾಗಬಹುದಲ್ಲ.

ಮೂರನೇ ದಾರಿ ಇದೆ, ಅದನ್ನು ಬೇರೆ ದೇಶಗಳು ಹಿಡಿದಿವೆ. ಬ್ರಿಟನ್ 2021ರ ಜೂನ್‌ನಲ್ಲಿ, ಕೆನಡಾ 2022ರಲ್ಲಿ, ಅಮೆರಿಕ 2023ರಲ್ಲಿ ‘ನೀನು ಯಾರು’ ಅನ್ನುವ ಪ್ರಶ್ನೆ ಬಿಟ್ಟು ‘ಇತ್ತೀಚೆಗೆ ಏನಾಗಿದೆ’ ಅನ್ನುವ ಪ್ರಶ್ನೆಗೆ ಬಂದವು. ಕಳೆದ ಮೂರು ತಿಂಗಳಲ್ಲಿ ಹೊಸ ಸಂಗಾತಿ ಇದ್ದಾರಾ, ಒಬ್ಬರಿಗಿಂತ ಹೆಚ್ಚು ಜನ ಇದ್ದಾರಾ, ಯಾವ ಬಗೆಯ ಸಂಪರ್ಕ ಅಂತ ಎಲ್ಲ ದಾನಿಗಳನ್ನೂ ಕೇಳುತ್ತಾರೆ. ಗಂಡು ಹೆಣ್ಣು ಜೋಡಿಯನ್ನೂ ಕೇಳುತ್ತಾರೆ. ನಾವು ಓದಿದ ಅಫಿಡವಿಟ್ ವರದಿಗಳಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇದಕ್ಕಿಂತ ಕುತೂಹಲದ ಸಂಗತಿ ನಮ್ಮದೇ ಮಾರ್ಗಸೂಚಿಯಲ್ಲಿತ್ತು. ಹುಡುಗಿಯೊಬ್ಬಳು ವರದಿ ಬಿಟ್ಟು ಮೂಲ ದಾಖಲೆಯನ್ನೇ ಓದಿದಳು. 12ನೇ ಅಂಶದ ಅದೇ ಪಟ್ಟಿಯಲ್ಲಿ ಒಬ್ಬರಿಗಿಂತ ಹೆಚ್ಚು ಲೈಂಗಿಕ ಸಂಗಾತಿಗಳು ಇರುವವರು, ಮಾದಕವಸ್ತು ಚುಚ್ಚಿಕೊಳ್ಳುವವರು ಕೂಡ ಇದ್ದಾರೆ. ಅಂದರೆ ನಡವಳಿಕೆಯ ಮೇಲೆ ದಾನಿಯನ್ನು ಅಳೆಯುವುದು ನಮ್ಮ ನಿಯಮಕ್ಕೂ ಹೊಸದೇನಲ್ಲ. ಅದರ ಪಕ್ಕದಲ್ಲೇ ಟ್ರಾನ್ಸ್‌ಜೆಂಡರ್ ಅಂತ ಬರೆದಾಗ, ಏನು ಮಾಡುತ್ತಾರೆ ಅನ್ನುವುದಕ್ಕೂ ಯಾರು ಅನ್ನುವುದಕ್ಕೂ ಇರುವ ಗೆರೆ ಅಳಿಸಿಹೋಯಿತು. ವರದಿಗಳು ಪಟ್ಟಿಯಿಂದ ಗುರುತುಗಳನ್ನು ಮಾತ್ರ ಎತ್ತಿಕೊಂಡು ನಡವಳಿಕೆಗಳನ್ನು ಬಿಟ್ಟಿದ್ದವು.

ಟೆಕ್ನಿಷಿಯನ್ ಇಲ್ಲೂ ಒಂದು ಎಚ್ಚರಿಕೆ ಕೊಟ್ಟರು. ಆ ದೇಶಗಳಲ್ಲಿ ನ್ಯಾಟ್ ಎಲ್ಲ ಕಡೆ ಇದೆ. ‘ಅಲ್ಲಿ ಆಗಿದೆ, ಇಲ್ಲಿ ಯಾಕಾಗಲ್ಲ’ ಅಂತ ಸುಮ್ನೆ ಬರೆದರೆ ಅದೂ ಒಲಿಸುವ ತಂತ್ರವೇ.

ಡೆಸ್ಕ್‌ಗೆ ಬರೆದ ಪತ್ರ

ಈಗ ಇದನ್ನೆಲ್ಲ ಏನು ಮಾಡುವುದು? ಪಕ್ಷಪಾತ ಅಂತ ಬಹಿರಂಗವಾಗಿ ಬರೆಯೋಣ ಅಂದವರೇ ಜಾಸ್ತಿ. ಮೇಷ್ಟ್ರು ಬೇಡ ಅಂದರು. ಉದ್ದೇಶ ಏನಿತ್ತು ಅಂತ ನಮಗೆ ಗೊತ್ತಿಲ್ಲ, ಪುಟದಲ್ಲಿ ಏನಿದೆ ಅನ್ನುವುದಷ್ಟೇ ಗೊತ್ತು. ಕೊನೆಗೆ ಪತ್ರಿಕೆಯಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕ್‌ಗೆ ಪತ್ರ ಹೋಯಿತು. ಬೈಗುಳ ಇಲ್ಲ, ಮೂರೇ ಕೋರಿಕೆ. ಸಿಗ್ನಲ್ ಫೋಟೋ ಬೇಡ. ಅಂಕಿ ಹಾಕಿದರೆ ಎಷ್ಟು ಪಟ್ಟು ಅನ್ನುವುದರ ಜೊತೆ ಶೇಕಡಾ ಲೆಕ್ಕವನ್ನೂ ಹಾಕಿ. ವ್ಯಕ್ತಿಯ ಅಪಾಯ ಅಳೆಯುವ ವಿಧಾನ ಇದೆ ಅನ್ನುವುದಕ್ಕೆ ಒಂದು ಪ್ಯಾರಾ ಕೊಡಿ.

ಉತ್ತರ ಬಂತು, ಅದು ನಾವು ಅಂದುಕೊಂಡಿದ್ದಕ್ಕಿಂತ ಉಪಯೋಗದ್ದು. ವರದಿ ಸುದ್ದಿ ಏಜೆನ್ಸಿಯಿಂದ ಬಂದದ್ದು. ಮುಖ್ಯ ವಿಷಯ ಮೇಲೆ, ಉಳಿದದ್ದು ಕೆಳಗೆ ಅನ್ನುವ ಹಳೆಯ ಕ್ರಮ. ಆವತ್ತು ಹೊಸದಾಗಿ ಮಾತಾಡಿದ್ದು ಸರ್ಕಾರ, ಆದ್ದರಿಂದ ಸರ್ಕಾರ ಮೇಲೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ. ಅರ್ಜಿದಾರರ ವೈದ್ಯಕೀಯ ವಾದ ಮೂಲ ಪ್ರತಿಯ ಕೆಳಗೆ ಇತ್ತು, ಅದು ಹೋಯಿತು. ಫೋಟೋ ಸಂಗ್ರಹದಲ್ಲಿ ‘ಟ್ರಾನ್ಸ್‌ಜೆಂಡರ್’ ಅಂತ ಹುಡುಕಿದರೆ ಮೊದಲು ಬರುವುದೇ ಅದು. ಯಾರೂ ಕೂತು ಸಂಚು ಮಾಡಿರಲಿಲ್ಲ. ಗುಂಪಿನ ಕೆಲವರಿಗೆ ಇದು ನಿರಾಸೆ ತಂದಿತು, ಖಳನಾಯಕ ಸಿಕ್ಕಿದ್ದರೆ ಸುಲಭವಾಗುತ್ತಿತ್ತು.

ಅದೇ ವಾರ ಗುಂಪಿನ ಒಬ್ಬ ತನ್ನ ಖಾತೆಯಲ್ಲಿ ಆ ಪತ್ರಿಕೆಯನ್ನು ದ್ವೇಷ ಹರಡುವ ಪತ್ರಿಕೆ ಅಂತ ಬರೆದ. ಚೆನ್ನಾಗಿ ಓಡಿತು, ನೂರಾರು ಜನ ಹಂಚಿಕೊಂಡರು. ಡೆಸ್ಕ್ ಪತ್ರಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿತು. ಅವನ ಸಿಟ್ಟು ಸುಳ್ಳಲ್ಲ, ಆದರೆ ಬರೆದದ್ದು ಪುಟದಲ್ಲಿ ಇರಲಿಲ್ಲ.

ಗುಂಪಿನ ಓದುವ ಹಾಳೆ ಆಮೇಲೆ ಬದಲಾಯಿತು. ಬಣ್ಣದ ಪದಗಳ ಕಾಲಂ ಮೊದಲಿನಿಂದ ಕೊನೆಗೆ ಹೋಯಿತು. ಮೊದಲಿಗೆ ಬಂದದ್ದು, ಓದಿದ ಕೂಡಲೇ ಯಾರು ಸರಿ ಅನ್ನಿಸಿತು ಅನ್ನುವ ಒಂದು ಸಾಲು. ಆಮೇಲೆ, ಕೆಳಗಿನ ಅರ್ಧ ಕತ್ತರಿಸಿದರೆ ಯಾರು ಕಾಣೆಯಾಗುತ್ತಾರೆ. ಯಾರ ಬಾಯಿಗೆ ವಿಜ್ಞಾನ ಕೊಟ್ಟಿದ್ದಾರೆ, ಯಾರ ಬಾಯಿಗೆ ಅಳು ಕೊಟ್ಟಿದ್ದಾರೆ. ಅಂಕಿ ಯಾವ ಪ್ರಶ್ನೆಗೆ ಉತ್ತರ. ಮೂಲ ದಾಖಲೆಯಲ್ಲಿ ಏನಿದೆ. ಈ ಕೊನೆಯದಕ್ಕೆ ಸಮಯ ಜಾಸ್ತಿ ಬೇಕು, ಆದ್ದರಿಂದ ಅದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

2025ರ ಮೇ ತಿಂಗಳಲ್ಲಿ ಪ್ರಕರಣ ಮತ್ತೆ ಸುಪ್ರೀಂ ಕೋರ್ಟ್ ಮುಂದೆ ಬಂತು. ಎಲ್ಲ ಟ್ರಾನ್ಸ್‌ಜೆಂಡರ್‌ಗಳನ್ನೂ ಅಪಾಯ ಅಂತ ಹಣೆಪಟ್ಟಿ ಹಚ್ಚುತ್ತಿದ್ದೇವಾ ಅನ್ನುವ ಅರ್ಥದಲ್ಲಿ ಪೀಠ ಪ್ರಶ್ನೆ ಕೇಳಿತು, ಸುರಕ್ಷತೆ ಬಿಡದೆ ಕಳಂಕ ತಪ್ಪಿಸುವ ದಾರಿ ಇದೆಯಾ ಅಂತ ತಜ್ಞರ ಜೊತೆ ಮಾತಾಡಿ ಅಂತ ಸರ್ಕಾರಕ್ಕೆ ಹೇಳಿತು. ಅದೇ ಪತ್ರಿಕೆಯಲ್ಲಿ ಈ ಸಲ ಫೋಟೋ ಬೇರೆ, ರಕ್ತದ ಚೀಲದ್ದು. ವ್ಯಕ್ತಿಯ ಅಪಾಯ ಅಳೆಯುವ ಬಗ್ಗೆ ಒಂದು ಪ್ಯಾರಾನೂ ಇತ್ತು. ಪತ್ರದಿಂದ ಆಯಿತೋ, ಸುಮ್ನೆ ಆಯಿತೋ ಹೇಳಲಾಗದು. ಆದರೆ ಕ್ರಮ ಮಾತ್ರ ಹಳೆಯದೇ, ಉಲ್ಟಾ ಆಗಿತ್ತು ಅಷ್ಟೇ. ಕೋರ್ಟಿನ ಖಾರದ ಮಾತು ತಲೆಬರಹಕ್ಕೆ ಬಂತು, ಸರ್ಕಾರದ ವಿವರಣೆ ಕೆಳಗೆ ಹೋಯಿತು, ವಿಂಡೋ ಪಿರಿಯಡ್ ಮಾತೇ ಇಲ್ಲ. ಹುಡುಗರು ಹಾಳೆ ತುಂಬುವಾಗ ಮೊದಲ ಸಾಲಿನಲ್ಲಿ ‘ಅರ್ಜಿದಾರರು ಗೆದ್ದರು’ ಅಂತ ಬರೆದರು.

ಗೆದ್ದಿರಲಿಲ್ಲ. ಅದು ವಿಚಾರಣೆ ವೇಳೆ ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆ, ತೀರ್ಪಲ್ಲ. ಸುದ್ದಿಯಲ್ಲಿ ಆ ವ್ಯತ್ಯಾಸ ಐದನೇ ಪ್ಯಾರಾದಲ್ಲಿತ್ತು. ಆ ದಿನ ಸಂಜೆಯಿಂದ ಗುಂಪಿನ ಟ್ರಾನ್ಸ್ ಮಹಿಳೆಗೆ ಫೋನ್ ಮೇಲೆ ಫೋನ್, ಇನ್ನು ಮೇಲೆ ನಾವು ರಕ್ತ ಕೊಡಬಹುದಂತೆ, ಹೌದಾ ಅಂತ. ಒಬ್ಬೊಬ್ಬರಿಗೂ ಅವರು ಹೇಳಬೇಕಾಯಿತು, ಇಲ್ಲ, 2017ರ ನಿಯಮ ಇನ್ನೂ ಹಾಗೇ ಇದೆ, ಕ್ಯಾಂಪಿಗೆ ಹೋದರೆ ಮೊದಲಿನ ಹಾಗೇ ವಾಪಸ್ ಕಳಿಸುತ್ತಾರೆ.